ಹೆಡ್ವಿಗ್ ಹೆಕ್ಕಿದ ಕಲ್ಲು

ನಮ್ಮ ಮನೆ ಮಾಲೀಕರು ಫ್ರೀಜರಿನಲ್ಲಿ ಕಲ್ಲು ಇಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ತೆಂಗಿನತುರಿ ತೆಗೆಯಲು ಹೋದಾಗ. ೧೯೬೯ರ ನವೆಂಬರ್ ತಿಂಗಳು. ಚಿಕಾಗೋದಲ್ಲಿ ಲಿಂಕನ್ ಅವೆನ್ಯೂಗೆ ತಾಗಿದ ಒಂದು ಬೀದಿ, ಕೆಳಗೊಂದು ಮೇಲೊಂದು ಸಂಸಾರ ಹಿಡಿಸುವ ಇಟ್ಟಿಗೆ ಮನೆ. ಕೆಳಗೆ ಮಾಲೀಕರು. ಮೇಲೆ ನಾನು ಮತ್ತು ನನ್ನ ಗಂಡ ಚಂದ್ರಮೌಳಿ. ಬೇಸ್‌ಮೆಂಟಿನ ದೊಡ್ಡ ಫ್ರೀಜರನ್ನು ಎರಡು ಮನೆಯವರೂ ಬಳಸಬಹುದು ಅಂತ ಮಾತಾಗಿತ್ತು. ಮುಚ್ಚಳ ಎತ್ತಿದರೆ ಸಾಲಾಗಿ ಹಾಲಿನ ರಟ್ಟಿನ ಡಬ್ಬಿಗಳು, ಒಂದೊಂದರಲ್ಲೂ ಮಂಜುಗಡ್ಡೆ, ಮಂಜುಗಡ್ಡೆಯೊಳಗೆ ಆಲೂಗಡ್ಡೆಯಷ್ಟು ದಪ್ಪದ ಕಲ್ಲು. ನನ್ನ ತೆಂಗಿನತುರಿಯ ಪೊಟ್ಟಣ ಅವುಗಳ ಅಡಿಯಲ್ಲಿ ಅಪ್ಪಚ್ಚಿಯಾಗಿತ್ತು.

"ರೀ, ಈ ಮನುಷ್ಯನಿಗೆ ತಲೆ ನೆಟ್ಟಗಿಲ್ಲ," ಅಂತ ಮೌಳಿಗೆ ಹೇಳಿದೆ.

"ಮನೆ ಬೆಚ್ಚಗಿದೆ ತಾನೆ? ಸುಮ್ನಿರು," ಅಂದರು. ನನ್ನ ಗಂಡ ಇಂಜಿನಿಯರು. ಬಿಸಿನೀರು ಬರುವ ತನಕ ಲೋಕದಲ್ಲಿ ಏನೂ ಕೆಟ್ಟಿಲ್ಲ ಎಂದು ನಂಬುವ ಜಾತಿ.

ಆ ಮನುಷ್ಯನ ಹೆಸರು ಒಟ್ಟೊಕಾರ್ ಬ್ರೆಂಡೆಲ್. ಆಗಲೇ ಅರವತ್ತನಾಲ್ಕು ವರ್ಷ. ಎತ್ತರದ ಆಳು, ಮನೆಯೊಳಗೂ ಟೈ ಕಟ್ಟುವವರು. ಪೂರ್ವ ಜರ್ಮನಿಯ ಒಂದು ಕಲ್ಲಿದ್ದಲ ಊರಿನಲ್ಲಿ ಇಪ್ಪತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದ್ದರಂತೆ. ಗಣಿಯಿಂದ ಮೇಲೆ ಬಂದ ಕಲ್ಲಿದ್ದಲನ್ನು ನೋಡಿ, ಅಳೆದು, ಇಷ್ಟಿದೆ ಎಂದು ಸಹಿ ಹಾಕುವ ಕೆಲಸ. ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. ಚಿಕಾಗೋಗೆ ಬಂದು ಒಂದು ಮರದ ಅಂಗಡಿಯಲ್ಲಿ ಗುಮಾಸ್ತರಾಗಿ ದುಡಿದು, ಈಗ ಬರೀ ಕಲ್ಲು. ಅವರ ಇಂಗ್ಲಿಷಿಗೆ ಜರ್ಮನ್ ವಾಸನೆ, ನನ್ನದಕ್ಕೆ ಮೈಸೂರಿನದು. ಹೇಗೋ ಮಾತು ಸಾಗುತ್ತಿತ್ತು. ಇಲ್ಲಿ ಅವರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ತೆಂಗಿನತುರಿಯ ಜಗಳಕ್ಕೆ ಅಂತ ಕೆಳಗೆ ಹೋದವಳನ್ನು ಅವರು ಕೂರಿಸಿ, ಒಂದು ಕಲ್ಲನ್ನು ಕೈಗಿಟ್ಟರು. ಎರಡು ಹೋಳಾಗಿತ್ತು. ಒಳಗೆ ಒಂದು ಎಲೆ. ಜರಿಗಿಡದ ಗರಿ, ನರನರವೂ ಕಾಣುವ ಹಾಗೆ. ಮೂವತ್ತು ಕೋಟಿ ವರ್ಷದ್ದು ಅಂದರು. ನಾನು ಬಾಟನಿಯಲ್ಲಿ ಬಿ.ಎಸ್ಸಿ. ಮಾಡಿದವಳು, ಮದುವೆಯಾಗಿ ಬಂದಮೇಲೆ ಆ ಓದನ್ನು ಟ್ರಂಕಿನ ತಳದಲ್ಲಿ ಹಾಕಿಟ್ಟಿದ್ದೆ. ಜಗಳ ಮರೆತೇಹೋಯಿತು.

"ಸುತ್ತಿಗೆಯಲ್ಲಿ ಹೊಡೀಬಹುದಲ್ಲ, ಫ್ರೀಜರು ಯಾಕೆ?" ಅಂತ ಕೇಳಿದೆ.

"ಮಿಸೆಸ್ ಮೌಳಿ, ಹೊಡೆದರೆ ಕಲ್ಲು ನಮಗೆ ಬೇಕಾದ ಕಡೆ ಒಡೆಯುತ್ತದೆ. ಕಾದರೆ ಅದಕ್ಕೆ ಬೇಕಾದ ಕಡೆ ತೆರೆಯುತ್ತದೆ."

ಉಪಾಯ ಸರಳ. ಕಲ್ಲನ್ನು ನೀರಿನಲ್ಲಿ ನೆನೆಸುವುದು, ಹೆಪ್ಪುಗಟ್ಟಿಸುವುದು, ಕರಗಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು. ಕಣ್ಣಿಗೆ ಕಾಣದ ಸಂದಿಯಲ್ಲಿ ನೀರು ಇಳಿದು, ಹಿಗ್ಗಿ, ಒಂದು ದಿನ ಕಲ್ಲು ಎಲೆ ಇರುವ ಕಡೆಯೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಲವಕ್ಕೆ ಹತ್ತು ಸಲ ಸಾಕು, ಕೆಲವಕ್ಕೆ ಎರಡು ವರ್ಷ. ಹತ್ತರಲ್ಲಿ ಆರು ಕಲ್ಲಿನೊಳಗೆ ಏನೂ ಇರುವುದಿಲ್ಲ. ಅಂಥದ್ದು ಬಂದರೆ ಬ್ರೆಂಡೆಲ್ ಮುಖ ಗಂಟಿಕ್ಕಿ, "ಇವರು ಇವತ್ತು ಕಚೇರಿಗೆ ಬಂದಿಲ್ಲ," ಅನ್ನುತ್ತಿದ್ದರು. ಅದೊಂದೇ ತಮಾಷೆ ಅವರಿಗೆ ಬರುತ್ತಿದ್ದದ್ದು. ಆರು ವರ್ಷದಲ್ಲಿ ನಾನದನ್ನು ನೂರು ಸಲ ಕೇಳಿರಬೇಕು.

ಚಿಕಾಗೋದಿಂದ ತೆಂಕಣ ದಿಕ್ಕಿಗೆ ಅರವತ್ತು ಮೈಲಿ ಹೋದರೆ ಹಳೆಯ ಕಲ್ಲಿದ್ದಲ ಗಣಿಗಳು, ಗಣಿಯವರು ತೋಡಿ ಎಸೆದ ಮಣ್ಣಿನ ಗುಡ್ಡಗಳು. ಮಳೆ ಬಂದ ಮಾರನೆಯ ಭಾನುವಾರ ಮೌಳಿ ಡ್ರೈವ್ ಮಾಡುತ್ತಿದ್ದರು, ಬ್ರೆಂಡೆಲ್ ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಬಕೆಟ್ ಇಟ್ಟುಕೊಂಡು ಕೂರುತ್ತಿದ್ದರು. ನಾನು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಟೈ ಸಮೇತ ಮಂಡಿಯೂರಿ ಆ ಗುಡ್ಡಗಳನ್ನು ಹತ್ತುವುದನ್ನು ನೋಡಬೇಕಿತ್ತು. ಆಮೇಲೆ ಮಂಜರಿ ಹುಟ್ಟಿದಳು. ಅವಳೂ ಆ ಮಣ್ಣಿನಲ್ಲೇ ಅಂಬೆಗಾಲಿಟ್ಟಳು.

ಒಡೆದ ಕಲ್ಲಿಗೆಲ್ಲ ಒಂದೊಂದು ಚೀಟಿ. ಸಂಖ್ಯೆ, ಸಿಕ್ಕಿದ ದಿನ, ಹೆಕ್ಕಿದವರು ಯಾರು, ಒಳಗೇನಿದೆ. ಕೊನೆಯಲ್ಲಿ ಜರ್ಮನ್ ಭಾಷೆಯಲ್ಲಿ ಎರಡೇ ಎರಡು ಪದದ ಒಂದು ಸಾಲು, ಅದರ ಕೆಳಗೆ ಸಹಿ. ಆ ಸಾಲು ಏನು ಅಂತ ಕೇಳಿದೆ. "ಸ್ವತಃ ನೋಡಿದ್ದೇನೆ," ಅಂದರು. ಒಂದು ಸಲ ಅವರಿಗೆ ಜ್ವರ ಬಂದಿತ್ತು. ಬೇಸ್‌ಮೆಂಟಿನಲ್ಲಿ ಒಡೆದ ಕಲ್ಲನ್ನು ನಾನೇ ನೋಡಿಬಂದು, ಹೀಗ್ಹೀಗಿದೆ, ಬರೆದುಕೊಳ್ಳಿ ಅಂದೆ. ಜ್ವರದಲ್ಲೇ ಕೋಟು ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋಗಿ ನೋಡಿ ಬಂದರು. "ನಿಮ್ಮ ಮೇಲೆ ಅಪನಂಬಿಕೆ ಇಲ್ಲ. ಆದರೆ ನೋಡದ್ದಕ್ಕೆ ನಾನು ಸಹಿ ಹಾಕುವುದಿಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವಾರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಅವರ ಮೇಜಿನ ಮೇಲ್ಗಡೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿತ್ತು. ಅವರೇ ಪೆನ್ಸಿಲಿನಲ್ಲಿ ಬರೆದ ಹನ್ನೆರಡು ಗರಿಗಳ ಚಿತ್ರ. ನನಗೆ ತುಂಬ ಇಷ್ಟವಾದದ್ದು ಏಳನೆಯದು. ಅದರ ಎಡಗಡೆಯ ಮೂರನೆಯ ಕಿರುಎಲೆಯ ಅಂಚನ್ನು ಆ ಕಾಲದ ಯಾವುದೋ ಹುಳು ತಿಂದಿತ್ತು. ಮೂವತ್ತು ಕೋಟಿ ವರ್ಷದ ಹಿಂದೆ ಒಂದು ಹುಳುವಿಗೆ ಹಸಿವಾಗಿತ್ತು, ಅದು ಇವತ್ತಿಗೂ ಕಾಣುತ್ತಿದೆ ಅಂತ ನಾನು ಆ ಚಿತ್ರದ ಮುಂದೆ ಎಷ್ಟೋ ಹೊತ್ತು ನಿಲ್ಲುತ್ತಿದ್ದೆ.

ಅದೇ ಮೇಜಿನ ಮೇಲೆ ಒಂದು ಕಪ್ಪು ಕಲ್ಲು ಇತ್ತು. ಗುಂಡಗೆ, ಒಂದು ಮುಷ್ಟಿಯಷ್ಟು. ಕೈಯಾಡಿ ಆಡಿ ನುಣುಪಾಗಿತ್ತು. ಅದಕ್ಕೆ ಚೀಟಿ ಇರಲಿಲ್ಲ, ಅದು ಫ್ರೀಜರಿಗೂ ಹೋಗುತ್ತಿರಲಿಲ್ಲ. ಕಾಗದ ಬರೆಯುವಾಗ ಎಡಗೈ ಅದರ ಮೇಲಿರುತ್ತಿತ್ತು. ನಾನು ಕೇಳಬಾರದ್ದನ್ನು ಕೇಳುವವಳು, ಇದನ್ನೂ ಕೇಳಿದೆ.

೧೯೫೩ರಲ್ಲಿ ಅವರ ಕಚೇರಿಗೆ ಮೇಲಿನಿಂದ ಒಂದು ಕಾಗದ ಬಂತಂತೆ. ಗಣಿಯಲ್ಲಿ ಇಷ್ಟು ಕಲ್ಲಿದ್ದಲಿದೆ ಅಂತ ಬರೆದಿತ್ತು, ಅಷ್ಟಿರಲಿಲ್ಲ. ಸಹಿ ಹಾಕು ಅಂದರು. ನಾನು ನೋಡಿಲ್ಲ, ಹಾಕುವುದಿಲ್ಲ ಅಂದರು ಇವರು. ಮೂರನೆಯ ಸಲ ಕೇಳಿದಾಗ, ಇನ್ನು ಕೇಳಲು ಬರುವವರು ಬೇರೆಯವರು ಎಂದು ಒಬ್ಬ ಗೆಳೆಯ ಕಿವಿಯಲ್ಲಿ ಹೇಳಿದ. ಬರ್ಲಿನ್ ಮೂಲಕ ಓಡಿಹೋಗಬೇಕು. ಹೆಂಡತಿ ಹೆಡ್ವಿಗ್ ಬರುವಂತಿರಲಿಲ್ಲ, ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಮುದುಕಿಯದೊಂದು ಮುಗಿಯಲಿ, ಆಮೇಲೆ ನಾನೂ ಬರುತ್ತೇನೆ ಅಂದಳು. ಹೊರಡುವ ಹಿಂದಿನ ಭಾನುವಾರ ಇಬ್ಬರೂ ಊರಾಚೆಯ ಗಣಿಗುಡ್ಡಕ್ಕೆ ಊಟ ಕಟ್ಟಿಕೊಂಡು ಹೋದರು. ಹೆಡ್ವಿಗ್‌ಗೆ ಕಲ್ಲಿನ ಹುಚ್ಚು ಇರಲಿಲ್ಲ. ಅವಳು ಹೆಣಿಗೆ ಹಿಡಿದು ಕೂರುವವಳು. ಅವತ್ತು ಗಾಳಿಗೆ ಊಟದ ಬಟ್ಟೆ ಹಾರದಿರಲಿ ಅಂತ ಕೈಗೆ ಸಿಕ್ಕ ಒಂದು ಕಲ್ಲನ್ನು ಅದರ ಮೇಲಿಟ್ಟಳು. ಏಳುವಾಗ, "ಇದರೊಳಗೇನಿದೆ ಒಟ್ಟೊ?" ಅಂತ ಕೇಳಿದಳು. "ಚಳಿಗಾಲ ಬರಲಿ, ಇಬ್ಬರೂ ತೆರೆದು ನೋಡೋಣ," ಅಂದರು ಇವರು. ಅವಳು ಅದನ್ನು ಅವರ ಕೋಟಿನ ಜೇಬಿಗೆ ಹಾಕಿದಳು.

ಆ ಚಳಿಗಾಲ ಬಂದಾಗ ಇವರು ಚಿಕಾಗೋದಲ್ಲಿದ್ದರು. ಮುದುಕಿ ಇನ್ನೂ ಹದಿನೈದು ವರ್ಷ ಬದುಕಿದರು. ಅಷ್ಟರಲ್ಲಿ ಬರ್ಲಿನ್ನಿನ ನಡುವೆ ಗೋಡೆ ಎದ್ದಿತ್ತು. ಅರವತ್ತು ತುಂಬಿ ಪೆನ್ಷನ್ ಬಂದ ಹೆಂಗಸರನ್ನು ಮಾತ್ರ ಆ ಕಡೆಯಿಂದ ಈ ಕಡೆಗೆ ಬಿಡುತ್ತಿದ್ದರಂತೆ. ಹೆಡ್ವಿಗ್‌ಗೆ ಅರವತ್ತು ಆಗುವುದು ೧೯೭೨ರ ಡಿಸೆಂಬರಿನಲ್ಲಿ. ಹೆಂಡತಿ ಮುದುಕಿಯಾಗಲಿ ಅಂತ ದಿನ ಎಣಿಸಿದ ಗಂಡಸನ್ನು ನಾನು ಇವರೊಬ್ಬರನ್ನೇ ಕಂಡದ್ದು.

"ನೀವು ಒಂದು ಸಲವೂ ತೆರೆದು ನೋಡಿಲ್ವಾ? ಆಸೆ ಆಗಲ್ವಾ?"

"ದಿನಾ ಆಗುತ್ತದೆ," ಅಂದರು. "ಇಬ್ಬರೂ ನೋಡುವುದು ಅಂತ ಮಾತಾಗಿದೆ."

ಅರವತ್ತಾಯಿತು. ಮೊದಲ ಅರ್ಜಿ ತಿರುಗಿ ಬಂತು: ಗಂಡ ಓಡಿಹೋದವನು. ಎರಡನೆಯದಕ್ಕೆ ಜವಾಬೇ ಇಲ್ಲ. ತಿಂಗಳಿಗೊಂದು ತೆಳ್ಳನೆಯ ಕಾಗದ ಬರುತ್ತಿತ್ತು, ಯಾರೋ ಬಿಚ್ಚಿ ಓದಿ ಮತ್ತೆ ಅಂಟಿಸಿದ್ದು. ಬ್ರೆಂಡೆಲ್ ಅದನ್ನು ತಕ್ಷಣ ಓದುತ್ತಿರಲಿಲ್ಲ. ಕೈ ತೊಳೆದು, ಟೈ ಸರಿಮಾಡಿಕೊಂಡು, ಮೇಜಿನ ಮುಂದೆ ಕೂತು ಓದುತ್ತಿದ್ದರು. ೧೯೭೪ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದವರು ಕಾಗದವನ್ನು ನನ್ನ ಮುಂದೆ ಹಿಡಿದರು. ನನಗೆ ಜರ್ಮನ್ ಬರುವುದಿಲ್ಲ ಅನ್ನುವುದೂ ಅವರಿಗೆ ಮರೆತಿತ್ತು. ಮೂರನೆಯ ಅರ್ಜಿ ಮಂಜೂರಾಗಿತ್ತು. ಜನವರಿಯಲ್ಲಿ ಅವಳು ಪಶ್ಚಿಮ ಬರ್ಲಿನ್‌ಗೆ ರೈಲಿನಲ್ಲಿ ಬರುತ್ತಾಳೆ, ಇವರು ಹೋಗಿ ಕರೆತರಬೇಕು.

ಆ ಮೂರು ವಾರ ಕೆಳಗಿನ ಮನೆಯಲ್ಲಿ ಬಣ್ಣದ ವಾಸನೆ. ಹೊಸ ಪರದೆಗೆ ನಾನೇ ಅಂಚು ಹೊಲಿದುಕೊಟ್ಟೆ. ಹೊರಡುವ ದಿನ ಬ್ರೆಂಡೆಲ್ ಆ ಕಪ್ಪು ಕಲ್ಲನ್ನು ಫ್ಲಾನಲ್ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ವಿಮಾನದಲ್ಲಿ ಒಯ್ದರೆ ಗಡಿಯಲ್ಲಿ ಯಾವನಾದರೂ ಸುತ್ತಿಗೆ ಹಾಕಿಯಾನು ಅಂತ ಅವರ ಭಯ. ಕೆಳಗಿನ ಮನೆಯ ಹೀಟರ್ ಆರಿಸಿ ಹೋಗುತ್ತಿದ್ದರು. "ಒಣಗಿರಲಿ, ಬೆಚ್ಚಗಿರಲಿ. ಅಷ್ಟೇ," ಅಂದರು. ನಾನು ಬೆಡ್‌ರೂಮಿನ ಬೀರುವಿನ ಮೇಲೆ ಎತ್ತರದಲ್ಲಿ ಇಟ್ಟೆ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಅಂಬುಜಮ್ಮನವರು ಅಕ್ಟೋಬರಿನಲ್ಲಿ ಮೈಸೂರಿನಿಂದ ಮೊಮ್ಮಗಳನ್ನು ನೋಡಲು ಬಂದಿದ್ದರು. ಅವರು ಮದುವೆಯಾಗಿ ಬಂದ ದಿನದಿಂದ ಮನೆಯಲ್ಲಿ ಸಾಲಿಗ್ರಾಮದ ಪೂಜೆ. ಮಾವ ಹೋದಮೇಲೆ ಅದರ ಅಭಿಷೇಕದ ತೀರ್ಥ ತೆಗೆದುಕೊಳ್ಳದೆ ಅವರು ಒಂದು ದಿನವೂ ಊಟ ಮಾಡಿದವರಲ್ಲ. ಸಮುದ್ರ ದಾಟಿಸಬಾರದು ಅಂತ ಅದನ್ನು ನನ್ನ ಮೈದುನನ ಮನೆಯಲ್ಲಿ ಬಿಟ್ಟು ಬಂದಿದ್ದರು. ಇಲ್ಲಿ ಅವರಿಗೆ ಹಿತವಾದದ್ದು ಒಂದೇ ಜಾಗ, ಮನೆಯ ಹಿಂದಿನ ಪೋರ್ಚು. ಮರದ ಹಲಗೆಯ ಗೋಡೆ, ಗಾಜಿನ ಕಿಟಕಿ, ಹೀಟರಿಲ್ಲ. ಈರುಳ್ಳಿ ವಾಸನೆ ಬಾರದ, ಯಾರೂ ಚಪ್ಪಲಿ ಹಾಕಿಕೊಂಡು ಓಡಾಡದ ಸ್ಥಳ. ಶಾಲು ಹೊದ್ದು ಅಲ್ಲೇ ದೇವರ ಪಟ ಇಟ್ಟುಕೊಂಡು, ಚಳಿಯಲ್ಲಿ ನಡುಗುತ್ತ ಪೂಜೆ ಮಾಡುತ್ತಿದ್ದರು. ಹೇಳಿದರೆ ಕೇಳುವವರಲ್ಲ. ನಾನು ಆಗ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆಯೇ ಬರುವುದು.

ಜನವರಿ ಕೊನೆಯ ಶನಿವಾರ. ನಾನು ಅಡುಗೆಮನೆಯಲ್ಲಿದ್ದೆ. ಪೋರ್ಚಿನಿಂದ ಅತ್ತೆಯ ದನಿ ಕೇಳಿತು. ಮಂಜರಿ ಓಡಿ ಬಂದಳು. "ಅಮ್ಮಾ, ಅಜ್ಜೀಸ್ ಗಾಡ್ ಈಸ್ ಬ್ರೋಕನ್!"

ಹಿತ್ತಾಳೆ ತಟ್ಟೆಯಲ್ಲಿ ಆ ಕಪ್ಪು ಕಲ್ಲು. ಮೇಲೆ ಗಂಧ, ಒಂದು ತುಳಸಿ ದಳ. ಸುತ್ತ ಕೂದಲಿನಷ್ಟು ಸಣ್ಣ ಬಿರುಕು.

"ಅತ್ತೆ, ಇದು ನಿಮಗೆಲ್ಲಿ ಸಿಕ್ತು?"

"ಬೀರು ಮೇಲೆ ಇತ್ತಲ್ಲೇ. ನೀನೇ ಬಟ್ಟೇಲಿ ಸುತ್ತಿಟ್ಟಿದ್ದೆ. ಸಾಲಿಗ್ರಾಮಾನ ಹಾಗೆ ಒಣಗಿಸಿ ಇಡಬಾರ್ದು ಕಣೆ, ವತ್ಸಲಾ. ಕೆಲಸಕ್ಕೆ ಹೋಗೋಳು, ನಿನಗೆಲ್ಲಿ ಪುರಸೊತ್ತು ಅಂತ ನಾನೇ ದಿನಾ ನೀರು ಹಾಕ್ತಿದ್ದೆ. ನಿನಗೆ ಹೇಳಿದ್ರೆ ನಾಚಿಕೆ ಆದೀತು ಅಂತ ಹೇಳ್ಲಿಲ್ಲ."

ಮೂರು ವಾರ. ಬೆಳಿಗ್ಗೆ ಅಭಿಷೇಕ, ಆಮೇಲೆ ಒದ್ದೆ ಒದ್ದೆಯಾಗಿಯೇ ಪುಟ್ಟ ಸಂಪುಟದಲ್ಲಿಟ್ಟು ಮುಚ್ಚಳ. ರಾತ್ರಿ ಪೋರ್ಚು ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದು ನೀರು ಹೆಪ್ಪುಗಟ್ಟುತ್ತಿತ್ತು, ಮಧ್ಯಾಹ್ನ ಗಾಜಿನ ಮೂಲಕ ಬಿಸಿಲು ಬಿದ್ದು ಮಂಜು ಕರಗುತ್ತಿತ್ತು. ನೆನೆಸುವುದು, ಹೆಪ್ಪುಗಟ್ಟಿಸುವುದು, ಕರಗಿಸುವುದು. ಬ್ರೆಂಡೆಲ್ ಇಪ್ಪತ್ತೊಂದು ವರ್ಷ ಯಾವುದನ್ನು ಮಾಡದೆ ಉಳಿದರೋ ಅದನ್ನು ನಮ್ಮ ಅತ್ತೆ ಮಂತ್ರ ಸಮೇತ ಮಾಡಿ ಮುಗಿಸಿದ್ದರು.

ನಾನು ಅವತ್ತು ಅತ್ತೆಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾರ ಕಲ್ಲು, ಯಾತಕ್ಕೆ ಇಟ್ಟದ್ದು, ಎಲ್ಲ ಕಿರುಚಿ ಹೇಳಿದೆ. ಮೌಳಿ ಬಂದು ನನ್ನ ಹೆಗಲು ಹಿಡಿಯಬೇಕಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಎರಡು ಹೋಳನ್ನು ಅಮುಕಿ ಹಿಡಿದು, ಅರಿಸಿನದ ದಾರದಿಂದ ಸುತ್ತಿ ಗಂಟು ಹಾಕಿದರು. "ನಾನು ಒಳಗೆ ನೋಡಿಲ್ಲ. ನೀನೂ ನೋಡಬೇಡ. ಅವರಿಬ್ರು ಬಂದು ನೋಡ್ಲಿ," ಅಂದರು. ಸಾಲಿಗ್ರಾಮವಲ್ಲ ಅಂತ ತಿಳಿದಮೇಲೂ ಅದನ್ನು ನೆಲಕ್ಕೆ ಇಡಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಗಂಟು ಬಿಚ್ಚಿದೆ.

ಒಳ್ಳೆಯದೊಂದು ಎಲೆ ಇದ್ದರೆ ನನ್ನ ತಪ್ಪು ಹಗುರವಾಗುತ್ತದೆ ಅನ್ನಿಸಿತ್ತೋ ಏನೋ. ಏನೂ ಇರಲಿಲ್ಲ. ಬೂದು ಬಣ್ಣದ ಬೋಳು ಕಲ್ಲು, ನಡುವೆ ತುಕ್ಕಿನ ಒಂದು ಕಲೆ. ಇವರು ಕಚೇರಿಗೆ ಬಂದೇ ಇರಲಿಲ್ಲ. ಊಟದ ಬಟ್ಟೆ ಹಾರದಿರಲಿ ಅಂತ ಕೈಗೆ ಸಿಕ್ಕಿದ್ದನ್ನು ಹೆಕ್ಕಿದ ಕಲ್ಲಿನಲ್ಲಿ ಇನ್ನೇನಿರುತ್ತದೆ? ಒಬ್ಬ ಮನುಷ್ಯ ಇದರ ಮೇಲೆ ಕೈಯಿಟ್ಟು ಇನ್ನೂರೈವತ್ತು ಕಾಗದ ಬರೆದಿದ್ದ. ಗಂಟನ್ನು ಮೊದಲಿದ್ದ ಹಾಗೇ ಹಾಕಿದೆ. ಯಾರಿಗೂ ಹೇಳಲಿಲ್ಲ, ಮೌಳಿಗೂ.

ಜನವರಿ ಮೂವತ್ತು, ಗುರುವಾರ, ಅವರು ಬರುವ ದಿನ ಅಂತ ರಜೆ ಹಾಕಿದ್ದೆ. ಅತ್ತೆ ಹೆಡ್ವಿಗ್‌ಗೆ ಅಂತ ರವೆ ಉಂಡೆ ಕಟ್ಟಿದ್ದರು. ನಾಲ್ಕು ಗಂಟೆಗೆ ಟ್ಯಾಕ್ಸಿ ಬಂತು. ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಕಡೆಯ ಬಾಗಿಲು ತೆರೆದು ಬ್ರೆಂಡೆಲ್ ಇಳಿದರು. ಇನ್ನೊಂದು ಕಡೆಯ ಬಾಗಿಲು ತೆರೆಯಲಿ ಅಂತ ಕಾದೆ. ಟ್ಯಾಕ್ಸಿ ಹೊರಟುಹೋಯಿತು. ಅವರು ಹಿಮದ ಮೇಲೆ ಒಂದು ಸೂಟ್‌ಕೇಸ್ ಹಿಡಿದು ನಿಂತಿದ್ದರು.

ನಾನೂ, ಉಂಡೆಯ ಡಬ್ಬಿ ಹಿಡಿದ ಅತ್ತೆಯೂ ಕೆಳಗೆ ಹೋದೆವು. ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಿದ್ದರು. ಹೊಸ ಬಣ್ಣದ ವಾಸನೆ ಇನ್ನೂ ಇತ್ತು.

ಸ್ಟೇಷನ್ನಿನಲ್ಲಿ ನಾಲ್ಕು ದಿನ ಕಾದರಂತೆ. ಪ್ರತಿ ರೈಲಿಗೂ. ಐದನೆಯ ದಿನ ನೆರೆಮನೆಯವಳ ತಂತಿ ಬಂತು: ಹೆಡ್ವಿಗ್ ಆಸ್ಪತ್ರೆಯಲ್ಲಿದ್ದಾಳೆ, ಎದೆಯಲ್ಲಿ ನೀರು. ಹಿಡಿದರೆ ಹಿಡಿಯಲಿ ಅಂತ ಇವರು ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಗಡಿಯಲ್ಲಿ ಅರ್ಜಿ ಹಾಕಿದರು. ಎಂಟು ದಿನ ಕಳೆದಮೇಲೆ ಅನುಮತಿ ಸಿಕ್ಕಿತು. ಊರಿಗೆ ಹೋದಾಗ ಮಣ್ಣು ಮಾಡಿ ಎರಡು ದಿನವಾಗಿತ್ತು.

"ಸೂಟ್‌ಕೇಸ್ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು," ಅಂದರು. "ನನಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದಳು. ಅಳತೆ ಸರಿಯಾಗಿದೆ."

ಹೆಂಗಸರು ಇಬ್ಬರೂ ಅಳುತ್ತಿದ್ದೆವು; ಅವರು ಅಳುತ್ತಿರಲಿಲ್ಲ. ಅವರ ಎಡಗೈ ಮೇಜಿನ ಮೇಲೆ ಖಾಲಿ ಜಾಗದಲ್ಲಿ ಏನನ್ನೋ ಹುಡುಕುತ್ತಿತ್ತು. ಹೇಳಲೇಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗಿನಿಂದ ಆ ಕಲ್ಲನ್ನು ತೆಗೆದು ಅವರ ಮುಂದಿಟ್ಟು ಕೈಮುಗಿದರು.

"ತಪ್ಪು ನನ್ನದಪ್ಪಾ. ಈ ಹುಡುಗಿಯದಲ್ಲ. ದೇವರು ಅಂತ ತಿಳಿದು ದಿನಾ ನೀರು ಹಾಕಿದೆ. ಚಳೀಲಿಟ್ಟೆ. ಒಡೆದುಹೋಯ್ತು. ನನ್ನ ಕೈಯಿಂದ ಆಗಬಾರದ್ದು ಆಯ್ತು."

ಅಚ್ಚ ಮೈಸೂರು ಕನ್ನಡ. ಬ್ರೆಂಡೆಲ್ ಕೊನೆಯ ತನಕ ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ದಿನಾ ಸ್ನಾನ ಮಾಡಿಸಿದರಾ?"

"ದಿನಾ. ಗಂಧ ಹಚ್ಚಿ, ತುಳಸಿ ಇಟ್ಟು."

ಬ್ರೆಂಡೆಲ್ ಎದ್ದು ನಿಂತು, ಕಚೇರಿಯಲ್ಲಿ ದೊಡ್ಡವರಿಗೆ ಬಗ್ಗುವ ಹಾಗೆ ಅತ್ತೆಗೆ ಬಗ್ಗಿದರು. ಅತ್ತೆ ಗಾಬರಿಯಾಗಿ ಹಿಂದೆ ಸರಿದರು.

"ಯಾರಾದರೂ ಒಳಗೆ ನೋಡಿದಿರಾ?"

ಇಲ್ಲ ಅನ್ನಬಹುದಿತ್ತು. ದಾರದ ಗಂಟು ಅತ್ತೆ ಹಾಕಿದ ಹಾಗೇ ಇತ್ತು. ಆದರೆ ಅವರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳು ಹೇಳುವವಳು ನಾನು ಅಂತ ಆಗ ನನಗೇ ಗೊತ್ತಿರಲಿಲ್ಲ.

"ನಾನು ನೋಡಿದೆ," ಅಂದೆ.

"ಏನಿದೆ?"

ಅವರ ಕೈ ಕಲ್ಲಿನ ಮೇಲಿತ್ತು. ಆ ಕೈ ಆ ದಾರವನ್ನು ಬಿಚ್ಚಿದರೆ ಆ ಬೂದು ಬೋಳು ಕಲ್ಲು ಅವರಿಗೆ ಕಾಣುತ್ತದೆ. ಇಪ್ಪತ್ತೊಂದು ವರ್ಷ, ಕೊನೆಗೆ ಹಸಿ ಮಣ್ಣು, ಅದರ ಮೇಲೆ ಇದೂ. ನನಗೆ ತಡೆಯಲಾಗಲಿಲ್ಲ. "ಒಂದು ಗರಿ ಇದೆ. ತುಂಬ ಚೆನ್ನಾಗಿದೆ," ಅಂದೆ.

"ಹೇಳಿ."

ಹೇಗಿದೆ ಅಂತ ಹೇಳಬೇಕಲ್ಲ! ನನ್ನ ತಲೆಯಲ್ಲಿ ಏನೂ ಇಲ್ಲ. ಕಣ್ಣೆತ್ತಿದರೆ ಎದುರಿಗೆ ಗೋಡೆ. ನಡುನರ, ಕವಲು, ಎಡಗಡೆ ಒಂಬತ್ತು ಕಿರುಎಲೆ, ಬಲಗಡೆ ಎಂಟು. ಒಮ್ಮೆ ಶುರುವಾದ ಬಾಯಿ ನಿಲ್ಲಲಿಲ್ಲ. ನಿಜ ಅನ್ನಿಸಲಿ ಅಂತ ಹುಳು ತಿಂದ ಅಂಚನ್ನೂ ಸೇರಿಸಿದೆ. ಬ್ರೆಂಡೆಲ್ ನನ್ನ ಮುಖ ನೋಡುತ್ತಿದ್ದರು, ಮಧ್ಯೆ ಒಂದೂ ಪ್ರಶ್ನೆ ಕೇಳಲಿಲ್ಲ. ನಾನು ಮುಗಿಸಿದ ಮೇಲೆ ಡ್ರಾಯರಿನಿಂದ ಒಂದು ಚೀಟಿ ತೆಗೆದು, ಪೆನ್ನಿಗೆ ಇಂಕು ತುಂಬಿಸಿ, ಬರೆಯತೊಡಗಿದರು. ದಾರ ಬಿಚ್ಚಲೇ ಇಲ್ಲ. ಕೊನೆಯ ಸಾಲು ಎಂದಿನದಕ್ಕಿಂತ ಉದ್ದವಾಯಿತು. ಬರೆದು, ಒಣಗಿಸಿ, ಕಲ್ಲಿನ ಅಡಿಯಲ್ಲಿಟ್ಟರು.

"ಥ್ಯಾಂಕ್ ಯೂ, ಮಿಸೆಸ್ ಮೌಳಿ. ಈಗ ಆ ಸಿಹಿ ತಿನ್ನುತ್ತೇನೆ," ಅಂದರು.

ನಾನು ಮೆಟ್ಟಿಲು ಹತ್ತುವಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಅಂಥ ಕಟ್ಟುನಿಟ್ಟಿನ ಮನುಷ್ಯ ನಂಬಿಬಿಟ್ಟರಲ್ಲ, ಪಾಪ, ದುಃಖದಲ್ಲಿ ಬುದ್ಧಿ ಓಡಲಿಲ್ಲ ಅಂದುಕೊಂಡೆ. ಆಮೇಲೂ ಅವರು ಆ ಕಲ್ಲನ್ನು ತೆರೆಯಲಿಲ್ಲ. ಭಾನುವಾರದ ಗುಡ್ಡ, ಫ್ರೀಜರು, ಚೀಟಿ ಎಲ್ಲ ಮೊದಲಿನಂತೆಯೇ ನಡೆಯಿತು. ಕಾಗದ ಮಾತ್ರ ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವರು ಹೋಗಿ ಕೈ ತೊಳೆದುಕೊಳ್ಳುವುದನ್ನು ನಾನು ಒಂದೆರಡು ಸಲ ಕಂಡೆ.

೧೯೭೬ರಲ್ಲಿ ಮೌಳಿಗೆ ಡೆಟ್ರಾಯ್ಟಿನ ಕಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ಅದರ ಹತ್ತಿರದ ಕ್ಯಾಂಟನ್‌ಗೆ ಬಂದೆವು. ಸುತ್ತ ಜೋಳದ ಹೊಲ, ನಡುವೆ ಹೊಸ ಮನೆಗಳು, ಬೇಲಿಗೆ ನೆಟ್ಟ ಗಿಡಗಳು ಮಂಡಿಯುದ್ದವೂ ಇರಲಿಲ್ಲ. ಬ್ರೆಂಡೆಲ್ ಹೊಸ ವರ್ಷಕ್ಕೆ ಒಂದು ಕಾರ್ಡ್ ಬರೆಯುತ್ತಿದ್ದರು. ೧೯೭೮ರ ಏಪ್ರಿಲಿನಲ್ಲಿ ಅವರ ಚರ್ಚಿನ ಪಾದ್ರಿಯಿಂದ ಒಂದು ಪಾರ್ಸೆಲ್ ಬಂತು. ಅವರು ಮಾರ್ಚಿನಲ್ಲಿ ತೀರಿಕೊಂಡರು, ಕಲ್ಲುಗಳೆಲ್ಲ ಒಂದು ಮ್ಯೂಸಿಯಂಗೆ ಹೋದವು, ಇದೊಂದು ಮಾತ್ರ ನಿಮಗೆ ಸೇರಬೇಕೆಂದು ಬರೆದಿಟ್ಟಿದ್ದರು ಎಂದಿತ್ತು. ಫ್ಲಾನಲ್ ಬಟ್ಟೆ. ಕಪ್ಪು ಕಲ್ಲು. ಅತ್ತೆಯ ಅರಿಸಿನದ ದಾರ, ಅದೇ ಗಂಟು. ಅಡಿಯಲ್ಲಿ ಆ ಚೀಟಿ.

ಎದುರು ಮನೆಯ ಲೋರಾಳ ತಾಯಿ ಜರ್ಮನಿಯವರು. ಅವಳಿಗೆ ಓದಲು ಬರುತ್ತಿತ್ತು. ಅವಳು ಒಂದೊಂದೇ ಸಾಲು ಓದಿ ಹೇಳಿದಳು.

"ಸಂಖ್ಯೆ ೨೯೧೪. ಸಿಕ್ಕಿದ ದಿನ: ಮೇ ೧೭, ೧೯೫೩, ಭಾನುವಾರ. ಹೆಕ್ಕಿದವರು: ಹೆಡ್ವಿಗ್ ಬ್ರೆಂಡೆಲ್. ಒಳಗಿರುವುದು: ಒಂದು ಗರಿ, ಎಡಗಡೆ ಒಂಬತ್ತು ಕಿರುಎಲೆ, ಬಲಗಡೆ ಎಂಟು, ಎಡಗಡೆಯ ಮೂರನೆಯದರ ಅಂಚನ್ನು ಹುಳು ತಿಂದಿದೆ. ಹೋಲಿಸಿ ನೋಡಿ: ನನ್ನ ಗೋಡೆಯ ಮೇಲಿನ ಏಳನೆಯ ಚಿತ್ರ. ಅದೇ ಗರಿ, ಅದೇ ಹುಳು."

ನನ್ನ ಕಿವಿ ಬಿಸಿಯಾಯಿತು. ಆ ಕ್ಷಣದಲ್ಲೇ ಅವರಿಗೆ ಗೊತ್ತಾಗಿತ್ತು. ತಾವೇ ಬರೆದ ಚಿತ್ರವನ್ನು ನಾನು ಅವರಿಗೇ ಒಪ್ಪಿಸುತ್ತಿದ್ದಾಗ, ಕಲ್ಲು ಖಾಲಿ ಎಂದು ತಿಳಿದೂ ಅವರು ಪೆನ್ನಿಗೆ ಇಂಕು ತುಂಬಿಸಿದ್ದರು.

"ಇನ್ನೂ ಇದೆ," ಅಂದಳು ಲೋರಾ. "ಹೇಳಿದವರು: ಶ್ರೀಮತಿ ವತ್ಸಲಾ ಚಂದ್ರಮೌಳಿ. ನಾನು ನೋಡಿಲ್ಲ. ಒಪ್ಪಿ ಸಹಿ ಹಾಕಿದ್ದೇನೆ."

ನಾನು ಅವಳ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ನೋಡದ್ದಕ್ಕೆ ಸಹಿ ಹಾಕುವುದಿಲ್ಲ ಅಂತ ಊರು ಬಿಟ್ಟು, ಹೆಂಡತಿಯನ್ನು ಬಿಟ್ಟು ಬಂದ ಮನುಷ್ಯ. ಲೋರಾಳಿಗೆ ಏನೂ ಅರ್ಥವಾಗದೆ ಕಾಫಿ ಮಾಡಿಕೊಟ್ಟಳು.

ಕಲ್ಲು ಈಗ ನಮ್ಮ ದೇವರ ಗೂಡಿನಲ್ಲಿದೆ. ನೀರು ತಾಗಿಸುವುದಿಲ್ಲ. ಒಣಗಿದೆ, ಬೆಚ್ಚಗಿದೆ. ಅತ್ತೆ ಮೈಸೂರಿನಿಂದ ಬರೆಯುವ ಪ್ರತಿ ಕಾಗದದಲ್ಲೂ ಅದನ್ನು ವಿಚಾರಿಸುತ್ತಾರೆ. ಮಂಜರಿಗೆ ಒಂಬತ್ತು ತುಂಬಿತು, ಎಲ್ಲದಕ್ಕೂ ಪ್ರಶ್ನೆ. ಮೊನ್ನೆ ಗೂಡಿನ ಮುಂದೆ ನಿಂತು, "ವಾಟ್ಸ್ ಇನ್‌ಸೈಡ್, ಅಮ್ಮ?" ಅಂತ ಕೇಳಿದಳು.

"ಒಂದು ಗರಿ ಇದೆ ಕಣೆ," ಅಂದೆ. "ಎಡಗಡೆ ಒಂಬತ್ತು ಎಲೆ, ಬಲಗಡೆ ಎಂಟು. ಮೂರನೇದನ್ನ ಸ್ವಲ್ಪ ಹುಳು ತಿಂದಿದೆ."